ಏಳನೇ ಭಾಗದ ಒಂಬತ್ತು ಕಿಲೋಮೀಟರು

ತೂಕದಮ್ಮ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ತಕ್ಕಡಿಯ ಮುಳ್ಳು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ ಎಂದು ಮಾರುಕಟ್ಟೆಯವರು ಹೇಳುತ್ತಿದ್ದರು. ಆಕೆ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಹೆಗಲಿಗೆ ಒಂದು ಚರ್ಮದ ಪೆಟ್ಟಿಗೆ, ಅದರಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳು, ಕಲ್ಲಿಗೊಂದು ಮಖಮಲ್ಲಿನ ಗುಳಿ. ಅಂಗಡಿಯವನು ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ, ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ. ಕುರ್ಚಿ ಕೊಡದವನನ್ನು ಮಾತ್ರ ಸ್ವಲ್ಪ ಕಡಿಮೆ ಅನುಮಾನದಿಂದ ನೋಡುತ್ತಿದ್ದರು.

ಮನೆಯಲ್ಲೂ ಅದೇ ಕಣ್ಣು. ದರ್ಜಿ ಕೊಟ್ಟ ಬಟ್ಟೆಯನ್ನು ಟೇಪು ಹಿಡಿದು ಅಳೆಯುತ್ತಿದ್ದರು. ಔಷಧಿಯ ಸೀಸೆಯನ್ನು ಬೆಳಕಿಗೆ ಹಿಡಿದು ಗೀಟು ನೋಡುತ್ತಿದ್ದರು. ರೇಡಿಯೊ ರಿಪೇರಿ ಮಾಡುವ ಗಂಡ, ತನ್ನನ್ನೂ ಮದುವೆಗೆ ಮುಂಚೆ ಎರಡು ಸಲ ತೂಗಿ ನೋಡಿದಳು, ಎರಡನೇ ಸಲ ಜೇಬು ಖಾಲಿ ಮಾಡಿಸಿದಳು ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ತೂಕದಮ್ಮ ನಗುತ್ತಿರಲಿಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದು ನನ್ನ ಊಹೆ.

ಇಂಥವರು ಬೆಟ್ಟ ಹತ್ತಲು ಹೊರಟದ್ದು ಪ್ರಕೃತಿಯ ಮೇಲಿನ ಪ್ರೀತಿಯಿಂದ ಎಂದು ಯಾರೂ ತಿಳಿಯಬಾರದು. ಇಲಾಖೆಯ ಕಚೇರಿಯ ಗೋಡೆಯ ಮೇಲೆ ಬೆಟ್ಟದ ಸಾಲಿನ ಉದ್ದಕ್ಕೂ ಹೋಗುವ ಕಾಲುದಾರಿಯ ನಕ್ಷೆಯೊಂದು ತೂಗುತ್ತಿತ್ತು. ದಾರಿಯನ್ನು ಹನ್ನೆರಡು ಭಾಗ ಮಾಡಿ, ಪ್ರತಿ ಭಾಗದ ಉದ್ದವನ್ನು ಅಚ್ಚು ಹಾಕಿದ್ದರು. ಕೆಳಗೆ ಒಟ್ಟು ಆರುನೂರ ನಲವತ್ತು ಕಿಲೋಮೀಟರು ಎಂದಿತ್ತು. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತ ತೂಕದಮ್ಮ ಹನ್ನೆರಡನ್ನೂ ಕೂಡಿದರು. ಆರುನೂರ ಮೂವತ್ತಾರು ಬಂತು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಕೂಡಿದರೂ ಅಷ್ಟೇ. ನಾಲ್ಕು ಕಿಲೋಮೀಟರನ್ನು ಯಾರು ನುಂಗಿದರು ಎಂದು ನೋಡಿಬರಲು ಆಕೆ ಆ ವರ್ಷ ಎಲೆ ಉದುರುವ ಕಾಲದಲ್ಲಿ ಆರು ದಿನದ ರಜೆ ಹಾಕಿದರು.

ಆ ಕಾಲದಲ್ಲಿ ಮಾರುಕಟ್ಟೆಯ ವಾರ್ಷಿಕ ತಪಾಸಣೆ ಮುಗಿದಿರುತ್ತದೆ. ಬೆಟ್ಟದಲ್ಲಿ ಮಳೆ ನಿಂತು, ಹಿಮ ಇನ್ನೂ ಬಿದ್ದಿರುವುದಿಲ್ಲ. ಮರಗಳು ಹಳದಿಗೆ ತಿರುಗಿರುತ್ತವೆ. ವರ್ಷಕ್ಕೆ ಒಂದು ಭಾಗ ನಡೆದು, ರಸ್ತೆ ಸಿಕ್ಕಲ್ಲಿ ಬಸ್ಸು ಹತ್ತಿ ಮನೆಗೆ ಬಂದು, ಮರುವರ್ಷ ಅದೇ ಕಿಲೋಮೀಟರು ಕಂಬದಿಂದ ಮತ್ತೆ ಶುರು ಮಾಡುವುದು. ಪೂರ್ತಿ ದಾರಿಯನ್ನು ಒಂದೇ ಸಲ ನಡೆಯಲು ಬಿಡುವಿಲ್ಲದ ನೌಕರಿಯವರು ನಡೆಯುವ ರೀತಿ ಇದು.

ಜೊತೆಗೆ ನಾದಿನಿ ಹೊರಟಳು. ಗಂಡನ ತಂಗಿ, ಮದುವೆಯಾಗದವಳು, ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇದ್ದವಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಕುದಿಯುವ ನೀರಿನ ಹಬೆ, ಸೋಪಿನ ಘಾಟು, ಒದ್ದೆ ಚಾದರ ಹಿಂಡಿ ಹಿಂಡಿ ಗಟ್ಟಿಯಾದ ತೋಳುಗಳು. ಹಬೆಯ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಅವಳ ದನಿ ಜೋರಾಗಿತ್ತು, ಮಾತೂ ಹೆಚ್ಚು. ಅತ್ತಿಗೆಯನ್ನು ಒಬ್ಬರನ್ನೇ ಬಿಟ್ಟರೆ ಬೆಟ್ಟಕ್ಕೂ ನೋಟಿಸು ಕೊಟ್ಟು ಬರುತ್ತಾರೆ, ತಡೆಯಲು ಯಾರಾದರೂ ಬೇಕಲ್ಲ ಎಂದು ಅಣ್ಣನಿಗೆ ಹೇಳಿ ಚೀಲ ಕಟ್ಟಿದಳು.

ಆರು ವರ್ಷ ಆರು ಭಾಗ ನಡೆದರು. ತೂಕದಮ್ಮ ಮುಂದೆ, ನಾದಿನಿ ಹಿಂದೆ. ದಾರಿಯಲ್ಲಿ ಅಲ್ಲಲ್ಲಿ ತಂಗುಮನೆಗಳಿದ್ದವು: ಕಲ್ಲಿನ ಗೋಡೆ, ಒಂದು ಒಲೆ, ಹಲಗೆಯ ಮಂಚಗಳು. ಪ್ರತಿ ತಂಗುಮನೆಯ ಬಾಗಿಲ ಬಳಿ ಸರಪಳಿಗೆ ಕಟ್ಟಿದ ಒಂದು ರಬ್ಬರ್ ಸೀಲು ಇರುತ್ತಿತ್ತು. ನಡೆಯುವವರು ತಮ್ಮ ಪುಸ್ತಕದಲ್ಲಿ ತಾವೇ ಸೀಲು ಒತ್ತಿ ತಾರೀಖು ಬರೆಯಬೇಕು. ಹನ್ನೆರಡೂ ಭಾಗ ಮುಗಿಸಿದವರ ಹೆಸರನ್ನು ದಾರಿಯ ಸಂಘದವರು ಕೊನೆಯ ಊರಿನ ಕಚೇರಿಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಿದ್ದರು. ತೂಕದಮ್ಮನಿಗೆ ಹಲಗೆಯ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ನಾದಿನಿಗೆ ಇತ್ತು. ಆಸ್ಪತ್ರೆಯ ಗುರುತಿನ ಚೀಟಿ ಬಿಟ್ಟರೆ ತನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ, ಅದರಲ್ಲೂ ಒಂದು ಅಕ್ಷರ ತಪ್ಪಾಗಿದೆ ಎಂದು ಅವಳು ಆಗಾಗ ಹೇಳುತ್ತಿದ್ದಳು.

ಏಳನೆಯ ವರ್ಷ ತೂಕದಮ್ಮ ಲಾರಿ ತೂಗುವ ಕಟ್ಟೆಯ ಏಣಿಯಿಂದ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ನಾದಿನಿಯ ರಜೆ ಮಂಜೂರಾಗಿತ್ತು. ಬಿಟ್ಟರೆ ಹೋಗಿಬಿಡುತ್ತದೆ ಎಂದು ಅವಳು ಒಬ್ಬಳೇ ಏಳನೇ ಭಾಗಕ್ಕೆ ಹೋದಳು. ಆರು ದಿನದ ಬದಲು ಐದೇ ದಿನದಲ್ಲಿ ವಾಪಸಾದಳು. ಆ ಭಾಗದ ನಡುವೆ ಸರಪಳಿ ಹಾದಿ ಎಂಬ ಒಂದು ಜಾಗವಿದೆ. ಕಡಿದಾದ ಬಂಡೆಯ ಮೈಯಲ್ಲಿ ಎರಡು ಅಡಿ ಅಗಲದ ಅಂಚು, ಹಿಡಿದುಕೊಳ್ಳಲು ಬಂಡೆಗೆ ಜಡಿದ ಕಬ್ಬಿಣದ ಸರಪಳಿ, ಇನ್ನೊಂದು ಪಕ್ಕಕ್ಕೆ ಏನೂ ಇಲ್ಲ. ಅಲ್ಲಿಂದ ಕಣಿವೆ ಹೇಗೆ ಕಾಣುತ್ತದೆ ಎಂದು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ತೂಕದಮ್ಮ ಕೇಳಿದರು. ಮಂಜು ಕವಿದಿತ್ತು, ಏನೂ ಕಾಣಲಿಲ್ಲ ಎಂದಳು ನಾದಿನಿ. ಎಂದೂ ಯಾವ ಸಂಗತಿಯನ್ನೂ ಅಷ್ಟು ಚುಟುಕಾಗಿ ಹೇಳಿದವಳಲ್ಲ.

ಆ ವಾರ ತೂಕದಮ್ಮನಿಗೆ ಕಿಟಕಿಯ ಪಕ್ಕ ಮಲಗುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಐದು ದಿನವೂ ದೂರದ ಬೆಟ್ಟದ ಸಾಲು ಗೆರೆ ಎಳೆದಂತೆ ನಿಚ್ಚಳವಾಗಿ ಕಂಡಿತ್ತು.

ಆಕೆ ಏನೂ ಹೇಳಲಿಲ್ಲ. ಒಂದೇ ತೂಕ ನೋಡಿ ಯಾರ ಮೇಲೂ ತಪ್ಪು ಹೊರಿಸಬಾರದು ಎಂಬುದು ಆಕೆಯ ಕೆಲಸದ ಮೊದಲ ನಿಯಮ. ಮೂರು ಸಲ ತೂಗಬೇಕು. ಊರಿಂದ ಕಾಣುವ ಬೆಟ್ಟಕ್ಕೂ ಬಂಡೆಯ ಸಂದಿನ ಮಂಜಿಗೂ ಸಂಬಂಧವಿಲ್ಲದೆ ಇರಬಹುದು.

ಮರುವರ್ಷ ನಾದಿನಿಗೆ ರಜೆ ಸಿಗಲಿಲ್ಲ. ತೂಕದಮ್ಮ ತಮಗೆ ಬಾಕಿಯಿದ್ದ ಏಳನೇ ಭಾಗವನ್ನು ಒಬ್ಬರೇ ನಡೆದರು. ಸರಪಳಿ ಹಾದಿ ದಾಟಿದ ಕೂಡಲೇ ಒಂದು ತಂಗುಮನೆ. ಬಾಗಿಲಲ್ಲಿ ಸೀಲು ಒತ್ತಿ ನೋಡಿದರು. ಕೆಳಗಿನ ಅಂಚು ಸವೆದು ಕೊನೆಯ ಎರಡು ಅಕ್ಷರ ಮಸಿಯ ಗುಡ್ಡೆಯಾಗಿದ್ದವು. ನಾದಿನಿಯ ಪುಸ್ತಕದಲ್ಲಿ ಇದೇ ಸೀಲಿನ ಅಕ್ಷರಗಳು ಹೊಸ ನಾಣ್ಯದಂತೆ ಇದ್ದದ್ದು ಆಕೆಗೆ ನೆನಪಿತ್ತು. ತೂಕದ ಕಲ್ಲಿನ ಮೇಲಿನ ಮುದ್ರೆ ನೋಡಿ ಯಾವ ವರ್ಷದ ಅಚ್ಚು, ಎಷ್ಟು ಸವೆದಿದೆ ಎಂದು ಹೇಳುವುದೇ ಆಕೆಯ ಉದ್ಯೋಗ. ತಂಗುಮನೆಯವನನ್ನು ವಿಚಾರಿಸಿದರು. ಆತ ಗಡ್ಡದ ಮುದುಕ, ಆಲೂಗಡ್ಡೆ ಸುಲಿಯುತ್ತ ಉತ್ತರ ಕೊಟ್ಟ. ಸೀಲು ಹನ್ನೆರಡು ವರ್ಷದಿಂದ ಇದೇ. ಇನ್ನೊಂದು ಪ್ರತಿ ಕೆಳಗೆ ರಸ್ತೆಯ ಅಂಗಡಿಯಲ್ಲಿದೆ, ಹವೆ ಕೆಟ್ಟು ಹಾದಿ ಮುಚ್ಚಿದಾಗ ಬಸ್ಸಿನಲ್ಲಿ ಸುತ್ತು ಹಾಕಿ ಬರುವವರಿಗೆ. ಸಂಘದ ನಿಯಮದಲ್ಲಿ ಅದಕ್ಕೆ ಅವಕಾಶ ಉಂಟು. ಹವೆಯನ್ನು ಯಾರು ಬರೆದಿಡುತ್ತಾರೆ ಎಂದು ತೂಕದಮ್ಮ ಕೇಳಿದರು. ಆತ ಮಸಿ ಹತ್ತಿದ ಬೆರಳಲ್ಲಿ ಕಪಾಟು ತೋರಿಸಿದ. ತೂಕದಮ್ಮ ಹಿಂದಿನ ವರ್ಷದ ದಿನಚರಿ ತೆಗೆದು ನಾದಿನಿಯ ಸೀಲಿನ ತಾರೀಖಿಗೆ ಬೆರಳಿಟ್ಟರು. ತಿಳಿ ಆಕಾಶ, ಗಾಳಿ ಇಲ್ಲ ಎಂದು ಬರೆದಿತ್ತು.

ಮೂರು ತೂಕವೂ ಒಂದೇ ಹೇಳಿದವು. ಸರಪಳಿ ಹಾದಿಯಿಂದ ಆಚೆಯ ರಸ್ತೆಯವರೆಗಿನ ಒಂಬತ್ತು ಕಿಲೋಮೀಟರನ್ನು ನಾದಿನಿ ನಡೆದಿಲ್ಲ. ಅಂಗಡಿಯವನಿಗೆ ಮಂಜಿನ ಕತೆ ಹೇಳಿ ಸೀಲು ಒತ್ತಿಸಿಕೊಂಡಿದ್ದಾಳೆ, ಮನೆಗೆ ಬಂದು ದಾಟಿದೆ ಎಂಬ ಕತೆ ಹೇಳಿದ್ದಾಳೆ.

ಅಂಗಡಿಯಾಗಿದ್ದರೆ ತಕ್ಕಡಿಗೆ ಬೀಗ ಹಾಕಿ ನೋಟಿಸು ಅಂಟಿಸಿ ಬರುತ್ತಿದ್ದರು. ಮಹಡಿಯ ಮೇಲಿನ ಕೋಣೆಗೆ ಏನು ಅಂಟಿಸುವುದು? ಬೆಳಗಾದರೆ ಒಂದೇ ನಲ್ಲಿಯ ನೀರು, ಒಂದೇ ಊಟದ ಮೇಜು. ಇನ್ನೊಂದು ಕಾರಣವೂ ಇತ್ತು, ಅದನ್ನು ಆಕೆಯೇ ನನಗೆ ಹೇಳಿದರು: ತಂಗುಮನೆ ಸಿಗದ ರಾತ್ರಿಗಳಲ್ಲಿ ಮುರಿದು ಕೂಡಿದ ಮಣಿಕಟ್ಟಿನಲ್ಲಿ ಡೇರೆಯ ಗೂಟ ಹೊಡೆಯಲು ಆಗುತ್ತಿರಲಿಲ್ಲ. ನಾದಿನಿಯ ತೋಳು ಬೇಕಿತ್ತು. ಹೀಗಾಗಿ ಸುಮ್ಮನಿದ್ದರು. ಆದರೆ ಒಂದು ಬದಲಾವಣೆ ಮಾಡಿದರು. ಎಂಟನೇ ಭಾಗದ ಮೊದಲ ಬೆಳಿಗ್ಗೆ ಚೀಲ ಹೆಗಲಿಗೇರಿಸಿ, ಇನ್ನು ಮೇಲೆ ನೀನು ಮುಂದೆ ನಡಿ ಎಂದರು. ಇವಳ ಒಂದು ಹೆಜ್ಜೆಯೂ ಇನ್ನು ಕಣ್ಣು ತಪ್ಪಬಾರದು ಎಂಬುದು ಲೆಕ್ಕ.

ನಾದಿನಿ ಅತ್ತಿಗೆಯ ಮುಖವನ್ನು ಒಂದು ಕ್ಷಣ ನೋಡಿ, ಚೀಲದ ಪಟ್ಟಿ ಬಿಗಿದು ಮುಂದೆ ಹೊರಟಳು.

ಐದು ವರ್ಷ ಹೀಗೆ ನಡೆಯಿತು. ಮುಂದೆ ಮಾತಿನ ಮಲ್ಲಿ, ಹಿಂದೆ ಅವಳ ಬೆನ್ನನ್ನೇ ಓದುತ್ತ ಬರುವ ಸರಕಾರಿ ಕಣ್ಣು. ನಾದಿನಿ ನೀರು ಕುಡಿಯಲು ನಿಂತರೂ ತೂಕದಮ್ಮನಿಗೆ ಅನುಮಾನ, ನಿಲ್ಲದೆ ಹೋದರೂ ಅನುಮಾನ. ಕಡಿದಾದ ಜಾಗ ಬಂದಾಗಲೆಲ್ಲ ನಾದಿನಿಯ ಬಾಯಿಗೆ ತಡೆಯೇ ಇರುತ್ತಿರಲಿಲ್ಲ. ಆಸ್ಪತ್ರೆಯ ಮೇಟ್ರನ್ನಿನ ಗೊರಕೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಮೊಟ್ಟೆ ಬೇಯಿಸಿದ ನರ್ಸು, ಬಟ್ಟೆಯ ಗಂಟಿನಲ್ಲಿ ಸಿಕ್ಕ ಡಾಕ್ಟರ ಹಲ್ಲಿನ ಸೆಟ್ಟು, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತಿತ್ತು. ಮುಚ್ಚಿಡಲು ಏನೋ ಇದ್ದವರು ಹೀಗೆ ಮಾತಾಡುತ್ತಾರೆ ಎಂದು ತೂಕದಮ್ಮ ಮಾರುಕಟ್ಟೆಯ ಅನುಭವದಿಂದ ತೀರ್ಮಾನಿಸಿದ್ದರು. ಅಂಚು ದಾಟಿದ ಮೇಲೆ ಅವಳ ಅಂಗಿಯ ಬೆನ್ನು ಒದ್ದೆಯಾಗಿರುವುದನ್ನೂ ಆಕೆ ಗಮನಿಸಿದ್ದರು. ಅದಕ್ಕೆ ಯಾವ ಅರ್ಥವನ್ನೂ ಹಚ್ಚಲಿಲ್ಲ.

ಹನ್ನೆರಡನೇ ಭಾಗಕ್ಕೆ ಹೊರಟಾಗ ತೂಕದಮ್ಮನ ನಿವೃತ್ತಿಗೆ ಮೂರು ತಿಂಗಳಿತ್ತು. ನಕ್ಷೆ ನುಂಗಿದ ನಾಲ್ಕು ಕಿಲೋಮೀಟರು ಆಗಲೂ ಸಿಕ್ಕಿರಲಿಲ್ಲ. ಕೊನೆಯ ತಂಗುಮನೆಗೆ ಐದನೇ ದಿನದ ಸಂಜೆ ತಲುಪಿದರು. ಉದ್ದ ಮೇಜು, ಒಲೆಯ ಬಳಿ ಒಣಗಲು ತೂಗುಹಾಕಿದ ಕಾಲುಚೀಲಗಳು. ಮೂಲೆಯಲ್ಲಿ ಸಂಘದ ಅರ್ಜಿ ನಮೂನೆಗಳ ಕಟ್ಟು. ಮರುದಿನ ಕಚೇರಿಯಲ್ಲಿ ಕೊಡಲು ಇಲ್ಲೇ ತುಂಬಿಕೊಳ್ಳಬೇಕು. ಜೊತೆಗೆ ನಡೆದ ಇನ್ನೊಬ್ಬರು ಸಾಕ್ಷಿ ಹಾಕಬೇಕು: ಅರ್ಜಿದಾರರು ದಾರಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು. ಜೊತೆ ತಪ್ಪಿದ ಭಾಗವನ್ನು ಬೇರೆಯಾಗಿ ನಡೆದಿದ್ದರೆ ಅದನ್ನು ಬಲ್ಲೆ ಎಂದು ಬರೆದರೆ ಸಾಕು, ಆದರೆ ಸುಳ್ಳು ಸಾಕ್ಷಿ ಹಾಕಿದವರ ಹೆಸರೂ ಹೋಗುತ್ತದೆ.

ನಾದಿನಿ ಅತ್ತಿಗೆಯ ಅರ್ಜಿಗೆ ಓದದೆಯೇ ಸಹಿ ಮಾಡಿದಳು. ತನ್ನದನ್ನು ದುಂಡಗಿನ ಅಕ್ಷರದಲ್ಲಿ ತುಂಬಿ, ಮೇಜಿನ ಮೇಲೆ ಜಾರಿಸಿ, ಪೆನ್ನು ಮುಂದಿಟ್ಟಳು.

ತೂಕದಮ್ಮ ಪೆನ್ನು ಮುಟ್ಟಲಿಲ್ಲ. "ಏಳನೇ ಭಾಗದ ಸರಪಳಿ ಹಾದಿ ನೀನು ದಾಟಿದ್ಯಾ?"

ನಾದಿನಿ ಪೆನ್ನಿಗೆ ಮುಚ್ಚಳ ಹಾಕಿದಳು. "ಅಂತೂ ಕೇಳಿದ್ರಿ ಅತ್ತಿಗೆ. ನಾನು ಎಂಟನೇ ಭಾಗದಲ್ಲೇ ಕೇಳ್ತೀರಿ ಅಂದ್ಕೊಂಡಿದ್ದೆ."

"ದಾಟಿದ್ಯಾ, ಇಲ್ವಾ?"

"ಇಲ್ಲ."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು, ಈ ಸಲ ತಮಾಷೆ ಸೇರಿಸದೆ. ಸರಪಳಿಯ ಈ ತುದಿಯಲ್ಲಿ ಎರಡು ಗಂಟೆ ಕೂತಿದ್ದಳಂತೆ. ಆಕಾಶ ತೊಳೆದಿಟ್ಟಂತೆ ಇತ್ತು, ಅದೇ ತೊಂದರೆಯಾಗಿತ್ತು. ಕೆಳಗಿನ ನದಿ ದಾರದ ಹಾಗೆ ಕಾಣುತ್ತಿತ್ತು. ಅಲ್ಲಿಯವರೆಗಿನ ಆರು ವರ್ಷವೂ ಇಂಥ ಜಾಗಗಳಲ್ಲಿ ಅವಳು ಬೇರೇನನ್ನೂ ನೋಡದೆ ಅತ್ತಿಗೆಯ ಬೂಟಿನ ಹಿಮ್ಮಡಿಯನ್ನಷ್ಟೇ ನೋಡಿಕೊಂಡು ಹೆಜ್ಜೆ ಹಾಕಿದ್ದಳು. ಅದು ಎದುರಿಗೆ ಇಲ್ಲದ ದಿನವೇ ತನಗೆ ಎತ್ತರದ ಭಯವಿದೆ ಎಂದು ಗೊತ್ತಾದದ್ದು. ಹಿಂದಿರುಗಿ ಇಳಿದು ಬಸ್ಸು ಹಿಡಿದಳು. ಅಂಗಡಿಯವನು ತಾನಾಗಿಯೇ ಮಂಜಾ ಎಂದು ಕೇಳಿದ, ಇವಳು ಹೂಂ ಎಂದಳು.

"ನಂಗೆ ಹೇಳಬಹುದಾಗಿತ್ತು," ಎಂದರು ತೂಕದಮ್ಮ.

"ನಿಮಗೆ? ಮರುವರ್ಷ ಹೇಳೋಣ ಅಂತಿದ್ದೆ. ನೀವು ಹೋಗಿ ಬಂದ್ರಿ, ನನ್ನ ಪುಸ್ತಕ ಕೇಳಿ ಇಸ್ಕೊಂಡ್ರಿ, ಸೀಲಿನ ಪುಟ ತೆಗೆದು ದೀಪಕ್ಕೆ ಹಿಡಿದ್ರಿ. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ನನ್ನನ್ನ ಮುಂದೆ ಬಿಟ್ರಿ. ಐದು ವರ್ಷ, ಅತ್ತಿಗೆ. ಎಷ್ಟು ಬಂಡೆ, ಎಷ್ಟು ಅಂಚು, ಎಲ್ಲಾ ಕಡೆ ನಾನು ಮುಂದೆ. ಬಾಯಿ ಮುಚ್ಚಿದ್ರೆ ಕಾಲು ನಡುಗೋದು, ಅದಕ್ಕೇ ಬಡಬಡ ಅಂತಿದ್ದೆ. ನೀವು ಹಿಂದೆ ಬಂದು ನೋಡಿದ್ದು ಏನನ್ನ?"

ತೂಕದಮ್ಮ ಅರ್ಜಿಯನ್ನು ವಾಪಸು ತಳ್ಳಿದರು. "ನಾನು ಸಹಿ ಹಾಕಲ್ಲ."

"ಗೊತ್ತು. ಹಾಕೋ ಜನ ಆಗಿದ್ರೆ ಎಂದೋ ಹೇಳ್ತಿದ್ದೆ."

ಮತ್ತೆ ಯಾಕೆ ಮುಂದಿಟ್ಟೆ ಎಂದು ಕೇಳಿದ್ದಕ್ಕೆ, ಕೊನೆಯವರೆಗೂ ಬಾಯಿ ಬಿಡುತ್ತೀರೋ ಇಲ್ಲವೋ ನೋಡಬೇಕಾಗಿತ್ತು ಎಂದಳು. ಒಬ್ಬರನ್ನೊಬ್ಬರು ಐದು ವರ್ಷ ಪರೀಕ್ಷಿಸಿದ ಇಬ್ಬರು ಹೆಂಗಸರು ಅಷ್ಟು ಮಾತಾಡಿ, ಎದ್ದು, ಬೇರೆ ಬೇರೆ ಮಂಚಗಳಿಗೆ ಹೋದರು.

ಮರುದಿನ ಇಳಿಜಾರಿನ ಹದಿನೆಂಟು ಕಿಲೋಮೀಟರನ್ನು ನಡೆದರು. ಕಚೇರಿಯಲ್ಲಿ ಹಲಗೆಗೆ ಎದುರಾಗಿ ಒಬ್ಬ ಗುಮಾಸ್ತ ಕೂತಿದ್ದ. ತೂಕದಮ್ಮ ತಮ್ಮ ಅರ್ಜಿ ಕೊಟ್ಟು ರಶೀದಿ ಪಡೆದು, ಏಳನೇ ಭಾಗದ ಹಾದಿ ಈ ವರ್ಷ ಯಾವತ್ತು ಮುಚ್ಚುತ್ತಾರೆ ಎಂದು ಕೇಳಿದರು. ಇನ್ನು ಹನ್ನೊಂದು ದಿನ ಎಂದ ಆತ. ಹೊರಗೆ ಬಂದು ಬಸ್ಸಿನ ವೇಳಾಪಟ್ಟಿಯ ಮುಂದೆ ನಿಂತು, ಗೋಡೆಯ ಕಡೆ ತಿರುಗಿಕೊಂಡೇ, "ಒಂಬತ್ತು ಕಿಲೋಮೀಟರ್ ಬಾಕಿ ಇದೆ. ನಂಗೆ ನಾಲ್ಕು ದಿನ ರಜೆ ಉಳಿದಿದೆ," ಎಂದರು.

ನಾದಿನಿ ಚೀಲವನ್ನು ನೆಲಕ್ಕಿಳಿಸಿದಳು. ಆಮೇಲೆ ಕೇಳಿದಳು: "ನೀವು ಮುಂದೆ ಹೋಗ್ತೀರೋ, ಹಿಂದೆ ಬರ್ತೀರೋ?"

ಅದು ಸರಳವಾದ ಪ್ರಶ್ನೆಯಾಗಿರಲಿಲ್ಲ. ಸರಪಳಿ ಹಾದಿಯಲ್ಲಿ ತಿರುಗಿ ನೋಡಲಾಗದು, ಬೆನ್ನಿನ ಚೀಲ ಬಂಡೆಗೆ ತಾಗಿ ಮನುಷ್ಯರನ್ನು ಹೊರಕ್ಕೆ ನೂಕುತ್ತದೆ. ಮುಂದೆ ಹೋದರೆ ನಾದಿನಿ ದಾಟುವುದನ್ನು ಆಕೆ ನೋಡಲಾರರು. ಹಿಂದೆ ಹೋದರೆ ನಾದಿನಿ ದಾಟಲಾರಳು.

"ಮುಂದೆ," ಎಂದರು ತೂಕದಮ್ಮ.

ಎರಡು ಬಸ್ಸು ಬದಲಿಸಿ, ಅರ್ಧ ದಿನ ಹತ್ತಿ, ಮೂರನೆಯ ದಿನದ ಬೆಳಿಗ್ಗೆ ಸರಪಳಿಯ ಬುಡಕ್ಕೆ ಬಂದರು. ಹವೆ ತಿಳಿಯಾಗಿತ್ತು. ಅಂಗಡಿಯ ಸೀಲಿಗೆ ಯಾವ ನೆಪವೂ ಇರಲಿಲ್ಲ. ತೂಕದಮ್ಮ ಹೊರಟರು. ಹಿಂದಿನಿಂದ ಸರಪಳಿ ಕಿಣಿಗುಟ್ಟುವುದು ಕೇಳುತ್ತಿತ್ತು, ಒಂದು ಹೆಜ್ಜೆಗೆ ಒಂದು ಸಲ. ನಾದಿನಿ ಮಾತಾಡುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಸದ್ದು ನಿಂತಿತು.

ಆಕೆಯ ಮೊದಲ ಆಲೋಚನೆ, ಇವಳು ವಾಪಸು ಹೊರಟಳು ಎಂಬುದು. ಇದನ್ನು ಆಕೆ ನನ್ನಿಂದ ಮುಚ್ಚಿಡಲಿಲ್ಲ. ಎರಡನೇ ಸಲವೂ ಅದೇ ಜಾಗದಲ್ಲಿ, ತನ್ನ ಬೆನ್ನ ಹಿಂದೆ. ಮೂರು ಹೆಜ್ಜೆ ಮುಂದೆ ಬಂಡೆ ತಿರುಗುತ್ತದೆ, ಆಚೆಗೆ ಅಂಚು ಅಗಲ. ಅಲ್ಲಿಗೆ ಹೋದರೆ ಹೊರಳಿ ನಿಂತು ಇಣುಕಿ ನೋಡಬಹುದು, ಅನುಮಾನ ತೀರುತ್ತದೆ. ಒಂದು ಕಾಲು ಎತ್ತಿಯೂ ಆಗಿತ್ತು. ತಿರುವು ದಾಟಿದರೆ ತನ್ನ ಹಿಮ್ಮಡಿ ಅವಳಿಗೆ ಕಾಣುವುದಿಲ್ಲ ಎಂಬುದು ಆಗ ಹೊಳೆಯಿತು. ಕಾಲನ್ನು ಅದೇ ಜಾಗದಲ್ಲಿ ಇಟ್ಟರು. ಕೆಟ್ಟ ಮಣಿಕಟ್ಟಿನ ಕೈಯನ್ನೂ ಸೇರಿಸಿ ಸರಪಳಿ ಹಿಡಿದು ನಿಂತರು. ಕರೆಯಲಿಲ್ಲ, ಧೈರ್ಯ ಹೇಳಲಿಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಲು ಕೈ ಖಾಲಿ ಇರಲಿಲ್ಲ. ಎಷ್ಟು ಹೊತ್ತು ಎಂದರೆ ತೂಕದಮ್ಮ ಹತ್ತು ನಿಮಿಷ ಎನ್ನುತ್ತಾರೆ, ನಾದಿನಿ ಅರ್ಧ ಗಂಟೆ ಎನ್ನುತ್ತಾಳೆ. ಇಬ್ಬರೂ ಗಡಿಯಾರ ನೋಡಿರಲಿಲ್ಲ.

ಸರಪಳಿ ಮತ್ತೆ ಕಿಣಿಗುಟ್ಟಿತು. ತೂಕದಮ್ಮ ಒಂದು ಹೆಜ್ಜೆ ಇಟ್ಟು ಕಾದರು. ಇನ್ನೊಂದು ಕಿಣಿ. ಇನ್ನೊಂದು ಹೆಜ್ಜೆ.

ಆಚೆಯ ರಸ್ತೆಯ ಕಂಬ ಮುಟ್ಟಿದ ಮೇಲೆ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಅರ್ಜಿಯನ್ನು ಹರಡಿ, ತೂಕದಮ್ಮ ಸಾಕ್ಷಿಯ ಜಾಗವನ್ನು ತುಂಬಿದರು. ಕಣ್ಣಾರೆ ಕಂಡಿದ್ದೇನೆ ಎಂಬ ಅಚ್ಚಿನ ಸಾಲಿನ ಕೆಳಗೆ ತಮ್ಮ ಕೈಯಲ್ಲಿ ಒಂದು ಸಾಲು ಸೇರಿಸಿದರು: ಏಳನೇ ಭಾಗದ ಸರಪಳಿ ಹಾದಿಯ ಮಟ್ಟಿಗೆ ಕಂಡಿಲ್ಲ, ಕೇಳಿದ್ದೇನೆ. ಸಹಿ, ತಾರೀಖು, ಹೊತ್ತು.

ನಾದಿನಿ ಬಗ್ಗಿ ಓದಿದಳು. "ಇದನ್ನ ಅವರು ತಗೋತಾರಾ?"

"ತಗೊಳ್ಳದೇ ಇರಬಹುದು."

"ಕಂಡೆ ಅಂತ ಬರೆದುಬಿಟ್ರೆ ಆಗ್ತಿತ್ತು."

"ಕಾಣಲಿಲ್ಲವಲ್ಲ."

ನಾದಿನಿ ಅರ್ಜಿಯನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡಳು. ಕಚೇರಿಗೆ ಮತ್ತೆ ಹೋಗಿ ಕೊಟ್ಟಾಗ ಗುಮಾಸ್ತ ಅದನ್ನು ನೋಡಿ, ಈ ಸಾಕ್ಷಿ ನಿಮಗೆ ಬೇಕಾದವರೋ ಆಗದವರೋ ಎಂದು ಕೇಳಿದನಂತೆ. ಮನೆಯವರು ಎಂದಳಂತೆ ನಾದಿನಿ. ಆತ ಮೇಲಿನವರಿಗೆ ಕಳಿಸಿದ, ಮೇಲಿನವರು ಮೂರು ವಾರ ಇಟ್ಟುಕೊಂಡು, ಇಂಥ ಸಾಲು ಬರೆಯುವವರು ಉಳಿದದ್ದರಲ್ಲಿ ಸುಳ್ಳು ಹೇಳಿರಲಾರರು ಎಂಬ ಟಿಪ್ಪಣಿಯೊಂದಿಗೆ ಒಪ್ಪಿದರು. ಹಲಗೆಯ ಮೇಲೆ ಇಬ್ಬರ ಹೆಸರುಗಳೂ ಇವೆ, ಒಂದರ ಕೆಳಗೆ ಒಂದು. ನಾದಿನಿಯ ಹೆಸರಲ್ಲಿ ಅಕ್ಷರ ಸರಿಯಾಗಿದೆಯೇ ಎಂದು ನೋಡಲು ತೂಕದಮ್ಮ ನಿವೃತ್ತಿಯ ಮರುವಾರ ಒಬ್ಬರೇ ಬಸ್ಸಿನಲ್ಲಿ ಹೋಗಿ ಬಂದರು. ಸರಿಯಾಗಿತ್ತು.